ಅರವತ್ತೈದು ಸಾವಿರದ ಐನೂರ ಮೂವತ್ತಾರನೇ ಸಾಲು

ಹಳೆಯದರಲ್ಲಿ ನಾಲ್ಕೇ ಮೆಟ್ಟಿಲು, ಕಾನಿಕೆಯ್.
ಯಾವ ಬಗೆ, ಯಾವ ಅಂಕಿ, ಹೆಸರೇನು, ಎಲ್ಲಿಡಲಿ
ಎಂದು ಒಂದೊಂದನ್ನೇ ಕೇಳುತ್ತಿತ್ತು,
ಹೊಸದಾಗಿ ಸೇರಿದ ಗುಮಾಸ್ತನ ಹಾಗೆ.
ಕೊನೆಗೆ ಬೂದು ಹಲಗೆಯ ಮೇಲೆ
ಒಂದು ಕಡುನೀಲಿ ಗೆರೆ.
ಎರಡನೆಯದಾದರೆ ಮೆಜೆಂಟಾ,
ಮೂರನೆಯದು ಕಣ್ಣಿಗೇ ಹತ್ತದ ಹಳದಿ.
ಅಂದಚಂದ ಏನಿಲ್ಲ.
ನನ್ನ ಮದುವೆಯ ಕೋಟಿನ ಹಾಗೆ,
ಬೆಚ್ಚಗಿತ್ತು, ಅಷ್ಟೇ.

ನಿನ್ನದು ಕೇಳುವುದೇ ಇಲ್ಲ.
ಅಂಕಿಗಳ ಮೇಲೆ ಬೆರಳಾಡಿಸಿದ್ದೇ ತಡ
'ಇದು ನಿಮಗೆ ಒಪ್ಪುತ್ತದೆ' ಎಂದು
ಆರು ಚಿತ್ರ ಹರವುತ್ತದೆ,
ಬಾಲಿಕ್ಚಿಯ ಸಂತೆಯಲ್ಲಿ ಶಾಲು ಮಾರುವವಳು.
ಬೇಡವೆಂದರೆ ಇನ್ನಾರು.

ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ,
ಇಪ್ಪತ್ತೇಳನೇ ಇಸವಿಯಿಂದ
ಯಾರೋ ಒಬ್ಬರು ಇಸಿಕ್-ಕುಲ್ ದಡಕ್ಕೆ ನಡೆದು
ಅಳತೆಗೋಲಿನ ಮೇಲೆ ನೀರು ಎಲ್ಲಿದೆ ಎಂದು
ನೋಡಿ ಬಂದಿದ್ದಾರೆ.
ಅವರ ಪೆನ್ಸಿಲ್ಲಿನ ಅಂಕಿಯನ್ನೆಲ್ಲ
ಮೂರು ಚಳಿಗಾಲ ಕೂತು ಹಳೆಯದಕ್ಕೆ ತುಂಬಿದೆ.
ಆಮೇಲೆ ದಿನಕ್ಕೆ ಎರಡು ಸಾಲು.
ಒಂದು ಸಂಜೆ
ಕೆಳಗಿಳಿಯುವ ಗುಂಡಿ ಒತ್ತಿದರೆ
ಕೆಳಗೆ ಏನೂ ಇಲ್ಲ.
ಅರವತ್ತೈದು ಸಾವಿರದ ಐನೂರ ಮೂವತ್ತಾರು.
ಹಾಳೆ ಮುಗಿದಿತ್ತು.
ಕಿಟಕಿಯಾಚೆ ಸರೋವರ ಇನ್ನೂ ಇತ್ತು.

ನಿಜ ಹೇಳಿಬಿಡುತ್ತೇನೆ.
ಚುಕ್ಕಿಗಳು ಹೆಚ್ಚಾದರೆ ಹಳೆಯದಕ್ಕೆ ಉಬ್ಬಸ.
ಮೂರು ತುಂಡು ಮಾಡಿ ಬರೆಸಿ
ಗೋಡೆಗೆ ಅಂಟಿಸಿದ್ದೆ.
ಒಂದೊಂದಕ್ಕೂ ಅದರದೇ ಅಳತೆ,
ಮೂರೂ ಒಂದೇ ಎತ್ತರದಿಂದ ಶುರು,
ಸರೋವರ ಮೂರು ಸಲ ಹೊಸದಾಗಿ ತುಂಬಿದ ಹಾಗೆ.
ಅದರ ಕೆಳಗೇ ಕೂತು
ಇಷ್ಟು ವರ್ಷ ಚಹಾ ಕುಡಿದೆ.
ನಿನ್ನದು ರೆಪ್ಪೆ ಬಡಿಯುವುದರೊಳಗೆ
ಅಷ್ಟೂ ವರ್ಷವನ್ನು ಒಂದೇ ಗೆರೆ ಮಾಡಿತು.
ಇಳಿಜಾರು.
ಮೊದಲ ಕೋಲು ನೆಟ್ಟಲ್ಲಿ
ಈಗ ತುರ್ದುಕನ್‌ನ ಕತ್ತೆ ಕಟ್ಟುತ್ತಾರೆ,
ಅದು ನನಗೆ ಗೊತ್ತಿದ್ದದ್ದೇ.
ಗೆರೆಯಲ್ಲಿ ನೋಡಿರಲಿಲ್ಲ.

ಆದರೆ ಇಲ್ಲಿ, ತೊಂಬತ್ತಮೂರರಲ್ಲಿ,
ಏಳು ತಿಂಗಳು ಖಾಲಿ ಬಿಟ್ಟಿದ್ದೆನಲ್ಲ.
ಆಗ ಸಂಬಳ ನಿಂತಿತ್ತು.
ಸೊವೆತ್‌ಬೆಕ್ ಕೋಲು ಬಿಟ್ಟು
ರೈಲುನಿಲ್ದಾಣದಲ್ಲಿ ಹೊಗೆಮೀನು ಮಾರಿದ.
ಆಮೇಲೆ ಬಂದು,
'ಅಂದಾಜಿನಲ್ಲಿ ತುಂಬಿಸಿಕೊಡಲೇ ಅಕ್ಕಾ' ಎಂದ.
ಬೇಡ ಎಂದಿದ್ದೆ.
ಹಳೆಯದರಲ್ಲಿ ಆ ಜಾಗ
ಮುರಿದ ಹಲ್ಲಿನ ಹಾಗೆ ಕಾಣುತ್ತಿತ್ತು.
ನೀನು ಎಲ್ಲೋ ಒತ್ತಿದೆ, ಗೆರೆ ಹೊಲಿದುಕೊಂಡಿತು.
ಹೊಲಿಗೆಯ ಗುರುತೂ ಇಲ್ಲ.
(ಹಳೆಯದರಲ್ಲೂ ಆ ದಾರ ಇತ್ತಂತೆ, ಯಾವುದೋ ಖಾನೆಯಲ್ಲಿ.
ನಾನು ತೆಗೆದು ನೋಡಿರಲಿಲ್ಲ.)
'ಆ ಏಳು ತಿಂಗಳು ಸರೋವರ ಇರಲಿಲ್ಲವೇ?' ಎಂದೆ ನೀನು.
ಇತ್ತು.
ನೋಡಿದವರಿರಲಿಲ್ಲ.
ಬಿಚ್ಚು ಅದನ್ನು.

ಅಷ್ಟರಲ್ಲಿ ಬಿಷ್ಕೆಕ್‌ನಿಂದ ಫೋನು:
ಗೆರೆ ತುಸು ಕಡಿದಾಯಿತು, ಮೇಲಿನವರಿಗೆ ತೋರಿಸಬೇಕು,
ಮೆತ್ತಗೆ ಮಾಡಲಾದೀತೇ?
ಆದೀತು.
ಹಳೆಯದರಲ್ಲೂ ಆಗುತ್ತಿತ್ತು.
ಚಿತ್ರದ ಅಂಚು ಹಿಡಿದು ಬಲಕ್ಕೆ ಎಳೆದರೆ
ಬೆಟ್ಟ ಬಯಲಾಗುತ್ತದೆ.
ಬಣ್ಣ ಬದಲಾಯಿತು, ಗುಂಡಿಗಳೆಲ್ಲ ಮನೆ ಬದಲಿಸಿದವು,
ಆ ಅಂಚು ಮಾತ್ರ ಇದ್ದಲ್ಲೇ ಇದೆ.
ಕಂಡದ್ದು ಕಂಡ ಹಾಗೆ ಹೇಳಿದರೆ
ಕೆಂಡದಂಥ ಕೋಪ ಬರುವುದೂ ಇದ್ದಲ್ಲೇ ಇದೆ.
ನೀನು ನನ್ನ ಮುಖ ನೋಡಿದೆ.
ನಾನು ಮೌಸನ್ನು ಎತ್ತಿ
ಚಹಾ ಬಟ್ಟಲಿನ ಆ ಕಡೆಗೆ ಇಟ್ಟೆ.

ಕಳಿಸಿದ ಮೇಲೆ ನೋಡಿದೆವು.
ನೆತ್ತಿಯ ಮೇಲೆ ಅದು ತಾನೇ ಬರೆದುಕೊಂಡಿದ್ದ
'ಚಾರ್ಟ್ ಶೀರ್ಷಿಕೆ'
ಹಾಗೇ ಉಳಿದುಬಿಟ್ಟಿದೆ.
ಹಳೆಯದಾದರೆ ಹೆಸರು ಕೇಳುತ್ತಿತ್ತು.
ಕೇಳಿದ್ದರೆ ಏನೆನ್ನುತ್ತಿದ್ದೆನೋ.
ನಗಬೇಡ,
ಎಂಟಾಗುತ್ತಾ ಬಂತು, ಟಾರ್ಚು ಕೊಡು.